ಪುಟ್ಟ ಆನೆಯ ವಂಶಾವಳಿ

ಪುಣೆಯ ಪೂರ್ವಕ್ಕೆ ಹಡಪಸರದಲ್ಲಿರುವ ಮಗರಪಟ್ಟಾವನ್ನು ನಮ್ಮ ವಾಚಕರಲ್ಲಿ ಹಲವರು ಚೆನ್ನಾಗಿ ಬಲ್ಲರು. ಕೆಲವರು ಅಲ್ಲಿಯ ಕಚೇರಿಗಳಲ್ಲಿ ಲೆಕ್ಕ ಬರೆಯುತ್ತಾರೆ. ಕೆಲವರು ಅಲ್ಲಿಯ ಉಪಾಹಾರಗೃಹಗಳಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಾರೆ. ಊರು ಕಣ್ಣುಬಿಡುವ ಮುನ್ನವೇ ಹಾಲು, ಕಾಯಿಪಲ್ಲೆ, ತೆಂಗಿನಕಾಯಿ, ಅಕ್ಕಿಯ ಮೂಟೆ, ಅಡಿಗೆ ಅನಿಲದ ಸಿಲಿಂಡರು, ಎಲ್ಲವೂ ಬಂದು ಅದರ ಬಾಗಿಲಲ್ಲಿ ಇಳಿಯುತ್ತವೆ. ಇಳಿದ ಸರಕನ್ನು ಎಣಿಸಿಕೊಳ್ಳುವ ನಾವು ಅದನ್ನು ಹೊತ್ತು ತಂದ ಗಾಡಿಯನ್ನು ತಿರುಗಿ ನೋಡುವುದು ಅಪರೂಪ. ಹನ್ನೆರಡೂವರೆ ಅಡಿ ಉದ್ದ, ಐದಡಿಗೂ ಒಂದಿಷ್ಟು ಕಡಿಮೆ ಅಗಲ, ನಾಲ್ಕು ಪುಟ್ಟ ಗಾಲಿ, ಹಿಂದೆ ತೆರೆದ ತೊಟ್ಟಿ. ಕಂಪನಿ ಇಟ್ಟ ಹೆಸರು ಟಾಟಾ ಏಸ್. ಉತ್ತರದವರು ಅದನ್ನು ಛೋಟಾ ಹಾಥಿ ಎಂದರು, ತಮಿಳರು ಕುಟ್ಟಿ ಯಾನೈ ಎಂದರು. ಎರಡಕ್ಕೂ ಅರ್ಥ ಒಂದೇ: ಪುಟ್ಟ ಆನೆ.

ಈ ಪುಟ್ಟ ಆನೆಗೂ ಒಂದು ವಂಶಾವಳಿಯುಂಟು. ಅದರ ಹಿರಿಯರಲ್ಲಿ ಹೆಚ್ಚಿನವರು ಪುಣೆಯ ಆಸುಪಾಸಿನ ಕಾರಖಾನೆಗಳಲ್ಲಿಯೇ ಹುಟ್ಟಿದವರು. ಆ ವಂಶಾವಳಿಯನ್ನು ಓದುತ್ತ ಹೋದರೆ ಕಬ್ಬಿಣ ಮತ್ತು ಎಣ್ಣೆಯ ಕಥೆಯ ಜೊತೆಗೆ ಇನ್ನೊಂದು ಕಥೆಯೂ ತೆರೆದುಕೊಳ್ಳುತ್ತದೆ. ಸರಕು ಸಾಗಿಸುವವನು ಆಳಾಗಿಯೇ ಉಳಿಯಬೇಕೆ, ಒಡೆಯನಾಗಬಹುದೆ ಎಂಬ ಪ್ರಶ್ನೆ ಪ್ರತಿಯೊಂದು ಪೀಳಿಗೆಯಲ್ಲಿಯೂ ಎದ್ದು ನಿಂತಿದೆ. ಕೈಯಲ್ಲಿ ಎರಡು ಕಾಸು ಕೂಡಿದೊಡನೆ "ಒಂದು ಗಾಡಿ ಹಾಕಿದರೆ ಹೇಗೆ?" ಎಂದು ಯೋಚಿಸುವ ನಮ್ಮ ಬಂಧುಗಳು ಬಹಳ ಮಂದಿ ಇರುವುದರಿಂದ ಈ ವಿಚಾರ ಕೇವಲ ಕುತೂಹಲದ್ದಲ್ಲ.

ಮೊದಲು ದೂರದ ಒಂದು ಮನೆತನವನ್ನು ನೋಡಿಬರೋಣ. ಹಿಂದೆ ತೆರೆದ ತೊಟ್ಟಿಯುಳ್ಳ ಮೋಟಾರಿಗೆ ಅಮೆರಿಕದಲ್ಲಿ ಪಿಕಪ್ ಎಂದು ಹೆಸರು. ಫೋರ್ಡ್ ಕಂಪನಿಯವರು 1948 ರಲ್ಲಿ ಎಫ್ ಮಾಲಿಕೆಯನ್ನು ಆರಂಭಿಸಿದರು. ಅದರ ಅತಿ ಸಣ್ಣ ಮಾದರಿ ಎಫ್-1 ಅರ್ಧ ಟನ್ನು ಹೊರುವ, ಹದಿನಾರಡಿಗೆ ಸಮೀಪ ಉದ್ದದ, ರೈತನ ಮತ್ತು ಬಡಗಿಯ ಸಾದಾ ಗಾಡಿ. 1953 ರಲ್ಲಿ ಅದು ಎಫ್-100 ಆಯಿತು. 1975 ರಲ್ಲಿ ಎಫ್-150 ಬಂದಿತು. 2021 ರ ಹೊತ್ತಿಗೆ ಹದಿನಾಲ್ಕನೆಯ ಪೀಳಿಗೆ ಮಾರುಕಟ್ಟೆಗೆ ಇಳಿದಿತ್ತು. ಇಂದು ಅದರ ನಾಲ್ಕು ಬಾಗಿಲಿನ ಮಾದರಿಯ ಉದ್ದ ಹತ್ತೊಂಬತ್ತಡಿಯನ್ನು ಮೀರುತ್ತದೆ. ಒಳಗೆ ಮನೆಮಂದಿಯೆಲ್ಲ ಕೂಡುವಷ್ಟು ಸ್ಥಳ, ತಂಪು ಗಾಳಿ, ಮೆತ್ತನೆಯ ಆಸನ. ಆ ದೇಶದಲ್ಲಿ ಪಿಕಪ್ ಪೀಳಿಗೆಯಿಂದ ಪೀಳಿಗೆಗೆ ಬೆಳೆಯಿತು, ಮೈತುಂಬಿಕೊಂಡಿತು, ಕೆಲಸದ ಗಾಡಿಯಾಗಿದ್ದುದು ಕುಟುಂಬದ ಗಾಡಿಯೂ ಆಯಿತು. ರಸ್ತೆ ಅಗಲ, ಎಣ್ಣೆ ಅಗ್ಗ, ಜೇಬು ಭಾರ. ಅದಕ್ಕೆ ತಕ್ಕ ಬೆಳವಣಿಗೆ.

ನಮ್ಮ ದೇಶದಲ್ಲಿ ಇದೇ ವಂಶ ವಿರುದ್ಧ ದಿಕ್ಕಿಗೆ ನಡೆಯಿತು. ಇಲ್ಲಿ ಹಿರಿಯನು ದೈತ್ಯ, ಮೊಮ್ಮಗನು ಕುಳ್ಳ. ಹಾಗೆ ಕುಗ್ಗಿದುದರಿಂದಲೇ ಅದು ಬಡವನ ಕೈಗೆ ಎಟುಕಿತು.

ಟಾಟಾ ಸಂಸ್ಥೆಯ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್‌ನೊಡನೆ ಕೈಗೂಡಿಸಿ 1954 ರಲ್ಲಿ ಜಮ್‌ಶೇಡ್‌ಪುರದಲ್ಲಿ ಲಾರಿ ಕಟ್ಟಲು ತೊಡಗಿತು. ಟಾಟಾ-ಮರ್ಸಿಡಿಸ್ ಎಂಬ ಆ ಲಾರಿಗಳು ದೇಶದ ಹೆದ್ದಾರಿಗಳನ್ನೆಲ್ಲ ತುಂಬಿದವು. ಆದರೆ ಅಂದಿನ ಲಾರಿಯೆಂದರೆ ಸಾಹುಕಾರನ ಸೊತ್ತು. ಅದನ್ನು ಕೊಳ್ಳಲು ಬಂಡವಾಳ ಬೇಕು, ಓಡಿಸಲು ಪರವಾನಗಿ ಬೇಕು, ಪರವಾನಗಿ ಪಡೆಯಲು ಪರಿಚಯ ಬೇಕು. ಚಾಲಕನು ಸಂಬಳದವನು, ಕ್ಲೀನರನು ಅವನ ಕೆಳಗಿನವನು. ಲಾರಿ ಬಂದು ನಿಲ್ಲುತ್ತಿದ್ದುದು ಪೇಟೆಯ ಅಂಚಿನಲ್ಲಿ. ಅಲ್ಲಿಂದ ಅಂಗಡಿಯವರೆಗೆ ಸರಕು ಹೋಗುತ್ತಿದ್ದುದು ಎತ್ತಿನ ಬಂಡಿಯಲ್ಲಿ, ಇಲ್ಲವೆ ಮನುಷ್ಯನೇ ಎಳೆಯುವ ಕೈಗಾಡಿಯಲ್ಲಿ, ಇಲ್ಲವೆ ಹಮಾಲನ ಬೆನ್ನಿನ ಮೇಲೆ. ಲಾರಿಗೂ ಬೆನ್ನಿಗೂ ನಡುವೆ ಇದ್ದ ಈ ಅಂತರವನ್ನು ತುಂಬುವವರಾರು ಎಂಬುದೇ ಅಂದಿನ ಸಮಸ್ಯೆ.

ಮೊದಲ ಉತ್ತರ ಮೂರು ಗಾಲಿಯ ಮೇಲೆ ಬಂದಿತು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ನವಲಮಲ ಫಿರೋದಿಯಾ ಅವರು ಬಜಾಜ್ ಮನೆತನದೊಡನೆ ಸೇರಿ 1958 ರಲ್ಲಿ ಬಜಾಜ್ ಟೆಂಪೊ ಕಂಪನಿಯನ್ನು ಸ್ಥಾಪಿಸಿದರು. ಜರ್ಮನಿಯ ಹ್ಯಾಂಬರ್ಗಿನ ಬಳಿಯ ಟೆಂಪೊ ಕಾರಖಾನೆಯವರ ಹ್ಯಾನ್ಸಿಯಾಟ್ ಎಂಬ ಗಾಡಿ ಅವರ ಮೊದಲ ಸರಕು. ಮುಂದೆ ಒಂದು ಗಾಲಿ, ಹಿಂದೆ ಎರಡು, ನಡುವೆ ಹಂದಿಮೂತಿಯಂಥ ಮೂತಿ. ಅದರ ಫಟಫಟ ಸದ್ದು ಎರಡು ಬೀದಿಯಾಚೆಗೂ ಕೇಳುತ್ತಿತ್ತು. ಕಂಪನಿ ಮೊದಲು ಮುಂಬಯಿಯ ಗೋರೆಗಾಂವದಲ್ಲಿ ಇದ್ದು, 1964 ರಲ್ಲಿ ಪುಣೆಯ ಆಕುರ್ಡಿಗೆ ಬಂದಿತು. ಆ ಗಾಡಿ ನಿಂತುಹೋಗಿ ಎಷ್ಟೋ ವರ್ಷಗಳಾದವು. ಕಂಪನಿಯೂ 2005 ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿತು. ಆದರೆ 'ಟೆಂಪೊ' ಎಂಬ ಮಾತು ಮಾತ್ರ ನಮ್ಮ ಭಾಷೆಯಲ್ಲಿ ಉಳಿಯಿತು. ಇಂದಿಗೂ ಮನೆ ಬದಲಿಸುವಾಗ ಯಾವ ಕಂಪನಿಯ ಗಾಡಿ ಬಂದರೂ "ಟೆಂಪೊ ಬಂತು" ಎನ್ನುತ್ತೇವೆ. ಒಂದು ವಸ್ತು ಜನರ ಬದುಕಿನಲ್ಲಿ ಎಷ್ಟು ಆಳವಾಗಿ ಇಳಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ಪೀಳಿಗೆಯಲ್ಲಿ ಗಾಡಿ ನಾಲ್ಕು ಗಾಲಿಯ ಮೇಲೆ ನಿಂತಿತು. ಆಕುರ್ಡಿಯಿಂದಲೇ ಮಟಾಡೋರ್ ಹೊರಟಿತು. ಕರ್ನಾಟಕದ ಊರೂರುಗಳಲ್ಲಿ ಅದು ಜನರನ್ನೂ ಹೊತ್ತಿತು, ಸರಕನ್ನೂ ಹೊತ್ತಿತು. ಇತ್ತ ಟೆಲ್ಕೊ ಕಂಪನಿ 1966 ರಲ್ಲಿ ಪಿಂಪ್ರಿ-ಚಿಂಚವಾಡದ ಬಯಲಿನಲ್ಲಿ ತನ್ನ ಪುಣೆಯ ಕಾರಖಾನೆಗೆ ತಳಪಾಯ ಹಾಕಿತು. ಸುಮಂತ ಮೂಳಗಾಂವಕರರ ನೇತೃತ್ವದಲ್ಲಿ ಅಲ್ಲಿ ಮೋಟಾರುಗಳಿಗಿಂತ ಮುಂಚೆ ಮೋಟಾರು ಕಟ್ಟುವ ಯಂತ್ರಗಳನ್ನೂ ಅಚ್ಚುಗಳನ್ನೂ ತಯಾರಿಸುವ ವಿದ್ಯೆಯನ್ನು ಬೆಳೆಸಲಾಯಿತು. ಅದರ ಫಲ ಇಪ್ಪತ್ತು ವರ್ಷಗಳ ಮೇಲೆ ಕಾಣಿಸಿತು. 1980 ರ ದಶಕದಲ್ಲಿ ಜಪಾನಿನ ನಾಲ್ಕು ಕಂಪನಿಗಳು, ಅಂದರೆ ಟೊಯೋಟಾ, ನಿಸ್ಸಾನ್, ಮಜ್ದಾ, ಮಿತ್ಸುಬಿಶಿ, ಒಂದೊಂದು ಭಾರತೀಯ ಸಂಸ್ಥೆಯ ಕೈಹಿಡಿದು ಹಗುರ ಲಾರಿಗಳನ್ನು ಇಲ್ಲಿಗೆ ತಂದವು. ಅವುಗಳಿಗೆ ಎದುರಾಗಿ 1986 ರಲ್ಲಿ ಪುಣೆಯವರು ಪರದೇಶದ ನೆರವಿಲ್ಲದೆ ರೂಪಿಸಿದ ಟಾಟಾ 407 ಅನ್ನು ಇಳಿಸಿದರು. ದೊಡ್ಡ ಲಾರಿ ತಿರುಗಲಾರದ ಪೇಟೆಯ ಬೀದಿಯಲ್ಲಿ ಅದು ತಿರುಗಿತು. ಎರಡು ಟನ್ನು ಹೇರಿದರೂ ಹಿಂಜರಿಯಲಿಲ್ಲ. ನಮ್ಮ ಕಡೆಯ ಚಾಲಕರಿಗೆ 'ಫೋರ್ ನಾಟ್ ಸೆವೆನ್' ಎಂದರೆ ಮನೆಯ ಎತ್ತಿನ ಹೆಸರಿನಷ್ಟೇ ಸಲಿಗೆ.

ಎರಡು ವರ್ಷ ಕಳೆದು 1988 ರಲ್ಲಿ ಅದೇ ಕಾರಖಾನೆಯಿಂದ ಟಾಟಾಮೊಬೈಲ್ 206 ಬಂದಿತು. ಅಮೆರಿಕದವರು ಪಿಕಪ್ ಎಂದು ಗುರುತಿಸಬಹುದಾದ ಗಾಡಿ ಇದೇ: ಮುಂದೆ ಕಾರಿನ ಮುಖ, ಹಿಂದೆ ತೊಟ್ಟಿ. ಇದರ ಅಡಿಗಟ್ಟನ್ನೇ ಆಧಾರವಾಗಿಟ್ಟು 1991 ರಲ್ಲಿ ಸಿಯೆರಾ, 1994 ರಲ್ಲಿ ಸುಮೊ ರೂಪುಗೊಂಡವು. ಹೊರೆ ಹೊರುವ ಗಾಡಿಯಿಂದ ಸವಾರಿಯ ಕಾರು ಹುಟ್ಟಿತು. ಆ ಮಾರ್ಗದಲ್ಲಿ ಮುಂದುವರಿದ ಕಂಪನಿ 1998 ರಲ್ಲಿ ಇಂಡಿಕಾ ಎಂಬ ಪೂರ್ಣ ಸ್ವದೇಶೀ ಕಾರನ್ನು ಕಟ್ಟಿತು. ಆ ಕಾರು ತನ್ನ ಋಣವನ್ನು ಹೊರೆಗಾಡಿಗೆ ಹೇಗೆ ತೀರಿಸಿತೆಂಬುದೇ ನಮ್ಮ ಕಥೆಯ ಮುಖ್ಯ ಭಾಗ.

2000 ದ ಸುಮಾರಿಗೆ ಲಾರಿಯ ಮಾರಾಟ ಕುಸಿದು ಟಾಟಾ ಕಂಪನಿ ದೊಡ್ಡ ನಷ್ಟಕ್ಕೆ ಗುರಿಯಾಯಿತು. ಆಗ ಗಿರೀಶ ವಾಘ ಎಂಬ ತರುಣ ಎಂಜಿನಿಯರರ ತಂಡಕ್ಕೆ ಹೊಸದೊಂದು ಸಣ್ಣ ಗಾಡಿಯ ಕೆಲಸ ವಹಿಸಲಾಯಿತು. ಅವರು ನಕ್ಷೆ ಬರೆಯುವ ಮೊದಲು ಮೂರು ಗಾಲಿಯ ಸರಕುಗಾಡಿ ಓಡಿಸುವವರನ್ನು ಕಂಡು ಮಾತನಾಡಿಸಿದರು. ನಿಮಗೆ ಏನು ಬೇಕು ಎಂದು ಕೇಳಿದಾಗ ವೇಗ, ಸುರಕ್ಷತೆ ಎಂಬ ಉತ್ತರಗಳ ಜೊತೆಗೆ ಮತ್ತೊಂದು ಉತ್ತರವೂ ಬಂದಿತೆಂದು ಪ್ರಸಿದ್ಧವಾಗಿದೆ: ನಾಲ್ಕು ಗಾಲಿಯ ಗಾಡಿಯಿದ್ದರೆ ಊರಿನಲ್ಲಿ ಮರ್ಯಾದೆ ಹೆಚ್ಚು, ಹೆಣ್ಣು ಕೊಡಲು ಮುಂದೆ ಬರುತ್ತಾರೆ. ಇದನ್ನು ಕೇಳಿ ನಗುವವರು ನಗಲಿ. ಹೋಟೆಲಿನಲ್ಲಿ ಹತ್ತು ವರ್ಷ ದುಡಿದರೂ "ಹುಡುಗ ಏನು ಮಾಡಿಕೊಂಡಿದ್ದಾನೆ?" ಎಂಬ ಪ್ರಶ್ನೆಗೆ ತಲೆತಗ್ಗಿಸಿದ ತಂದೆತಾಯಿಗಳಿಗೆ ಆ ಮಾತಿನ ತೂಕ ತಿಳಿಯುತ್ತದೆ.

ಬೆಲೆ ಮೂರು ಗಾಲಿಗಿಂತ ತೀರ ಹೆಚ್ಚಾಗಬಾರದು, ಗಾಲಿ ಮಾತ್ರ ನಾಲ್ಕಿರಬೇಕು. ಇದು ಕಠಿಣವಾದ ಲೆಕ್ಕ. ಎಂಜಿನಿಯರರು ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಡೀಸೆಲ್ ಯಂತ್ರವನ್ನು ಆಧಾರವಾಗಿ ತೆಗೆದುಕೊಂಡು ಅದರಲ್ಲಿ ಅರ್ಧವನ್ನು ಉಳಿಸಿದರು. 1,400 ಸಿ.ಸಿ. ಯ ಯಂತ್ರ 700 ಸಿ.ಸಿ. ಯ ಎರಡು ಸಿಲಿಂಡರಿನ ಯಂತ್ರವಾಯಿತು. ಅಶ್ವಶಕ್ತಿ ಕೇವಲ 16. ಹೊರೆ ಮುಕ್ಕಾಲು ಟನ್ನು. 2005 ರ ಮೇ ತಿಂಗಳಲ್ಲಿ ಎರಡೂಕಾಲು ಲಕ್ಷ ರೂಪಾಯಿಯ ಆಸುಪಾಸಿನ ಬೆಲೆಗೆ ಏಸ್ ಹೊರಬಂದಿತು. ಎರಡು ವರ್ಷ ತುಂಬುವ ಮೊದಲೇ ಒಂದು ಲಕ್ಷ ಗಾಡಿಗಳು ಮಾರಿಹೋದವು. ಪುಣೆಯಲ್ಲಿ ಸ್ಥಳ ಸಾಲದೆ ಉತ್ತರಾಖಂಡದ ಪಂತನಗರದಲ್ಲಿ ಬೇರೆ ಕಾರಖಾನೆಯೇ ಏಳಬೇಕಾಯಿತು. ಈ ವಂಶದ ಇನ್ನೂ ಸಣ್ಣ ಕೂಸಾದ ಏಸ್ ಜಿಪ್ ನಮ್ಮ ಧಾರವಾಡದ ಕಾರಖಾನೆಯಲ್ಲಿಯೂ ತಯಾರಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು. ಬೇರೆಯವರೂ ಸುಮ್ಮನೆ ಕೂಡಲಿಲ್ಲ: 2011 ರಲ್ಲಿ ಅಶೋಕ ಲೇಲ್ಯಾಂಡರ ದೋಸ್ತ್, 2015 ರಲ್ಲಿ ಮಹೀಂದ್ರಾದ ಜೀತೊ, 2016 ರಲ್ಲಿ ಮಾರುತಿಯ ಸೂಪರ್ ಕ್ಯಾರಿ ಬಂದವು. ಒಂದೂವರೆ ಟನ್ನಿನ ಹೊರೆಯವರು ಮಹೀಂದ್ರಾದ ಬೊಲೇರೊ ಪಿಕಪ್ಪನ್ನು ಹಿಡಿದರು.

ಈ ಗಾಡಿ ಇಷ್ಟೊಂದು ಹಬ್ಬಿದುದಕ್ಕೆ ಯಂತ್ರದ ಚಾತುರ್ಯದಷ್ಟೇ ಕಾಯಿದೆಯೂ ಕಾರಣ. 1988 ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹೊರೆಸಹಿತ ಒಟ್ಟು ತೂಕ 3,000 ಕಿಲೋ ಮೀರದ ಸರಕುಗಾಡಿಗೆ ಪರ್ಮಿಟ್ಟಿನ ಅಗತ್ಯವಿಲ್ಲ. ಹಿಂದೆ ಲಾರಿಯವನು ಕಚೇರಿಯಿಂದ ಕಚೇರಿಗೆ ಅಲೆದು ಪಡೆಯುತ್ತಿದ್ದ ಆ ಕಾಗದದ ಹಂಗು ಪುಟ್ಟ ಆನೆಗೆ ಇಲ್ಲ. ಹಗಲು ಹೊತ್ತಿನಲ್ಲಿ ದೊಡ್ಡ ಲಾರಿಗಳು ಪೇಟೆಯೊಳಗೆ ಬರದಂತೆ ನಗರಗಳು ನಿರ್ಬಂಧ ಹಾಕಿದ್ದು ಇನ್ನೊಂದು ಅನುಕೂಲ. ಚಾಲಕನ ಲೈಸೆನ್ಸಿನ ವಿಷಯದಲ್ಲಿ ಇದ್ದ ಗೊಂದಲವೂ ಬಗೆಹರಿದಿದೆ: ಹಗುರ ವಾಹನದ ಲೈಸೆನ್ಸುಳ್ಳವನು ಒಟ್ಟು ತೂಕ 7,500 ಕಿಲೋ ಒಳಗಿನ ಸಾಗಾಣಿಕೆಯ ವಾಹನವನ್ನು ಬೇರೆ ಅನುಮತಿ ಬರೆಸದೆಯೇ ನಡೆಸಬಹುದೆಂದು ಸುಪ್ರೀಮ್ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2024 ರ ನವೆಂಬರ 6 ರಂದು ತೀರ್ಪು ಕೊಟ್ಟಿತು. ಅಪಘಾತವಾದಾಗ ಲೈಸೆನ್ಸಿನ ನೆಪ ಹೇಳಿ ವಿಮೆ ನಿರಾಕರಿಸುವ ದಾರಿ ಇದರಿಂದ ಮುಚ್ಚಿತು.

ಈಗ ಮತ್ತೆ ಮಗರಪಟ್ಟಾಕ್ಕೆ ಬರೋಣ. ಸೋಲಾಪುರದ ಹೆದ್ದಾರಿ ಹಡಪಸರದ ಮೇಲೆಯೇ ಹಾದುಹೋಗುತ್ತದೆ. ವಿಜಯಪುರ, ಕಲಬುರಗಿ, ಅಕ್ಕಲಕೋಟೆಗಳ ಕಡೆಯಿಂದ ದುಡಿಮೆಗೆ ಹೊರಟ ನಮ್ಮ ಜನ ಪುಣೆಯನ್ನು ಪ್ರವೇಶಿಸುವ ಬಾಗಿಲು ಅದೇ. ರಾತ್ರಿ ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಲಾರಿ ಇಳಿಸಿದ ಸರಕು ಬೆಳಗಾಗುವುದರೊಳಗೆ ಸಾಂಬಾರಿನ ಪಾತ್ರೆಗೆ ಬರಬೇಕಾದರೆ ನಡುವೆ ಈ ಪುಟ್ಟ ಆನೆಯೇ ಬೇಕು. ಈ ಸ್ಥಳಕ್ಕೆ ಇನ್ನೊಂದು ವಿಶೇಷವುಂಟು. ಇಲ್ಲಿಯ ಸುಮಾರು 120 ರೈತ ಕುಟುಂಬಗಳು ಪಟ್ಟಣ ತಮ್ಮ ಹೊಲದ ಬದುವಿಗೆ ಬಂದು ನಿಂತಾಗ ನೆಲವನ್ನು ಮಾರಿ ಹಣ ಎಣಿಸಿಕೊಂಡು ಹೋಗಲಿಲ್ಲ. ಸತೀಶ ಮಗರ ಎಂಬವರ ಮುಂದಾಳುತನದಲ್ಲಿ 400 ಎಕರೆಗೂ ಮಿಕ್ಕ ಭೂಮಿಯನ್ನು ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ, 2000 ದ ಸುಮಾರಿಗೆ ನಗರ ಕಟ್ಟಲು ತೊಡಗಿದರು. ನೇಗಿಲು ಹಿಡಿದವರು ಒಡೆತನವನ್ನು ಕೈಬಿಡದೆ ಪಟ್ಟಣಿಗರಾದರು. ಗಾಡಿಯ ವಿಷಯದಲ್ಲಿ ನಮ್ಮವರು ಕಲಿಯಬೇಕಾದ ಪಾಠವೂ ಇದೇ: ದುಡಿಮೆ ಎಲ್ಲರಿಗೂ ಉಂಟು, ಒಡೆತನವನ್ನು ಉಳಿಸಿಕೊಳ್ಳುವ ಜಾಣತನ ಕೆಲವರಿಗೆ ಮಾತ್ರ.

ಏಕೆಂದರೆ ಗಾಡಿ ಮನೆಯ ಮುಂದೆ ನಿಂತ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಉದಾಹರಣೆಗಾಗಿ ಒಂದು ಲೆಕ್ಕ ಹಾಕೋಣ. ನಾಲ್ಕು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಎಂದು ಇಟ್ಟುಕೊಳ್ಳೋಣ. ಐದು ವರ್ಷದ ಕಂತಾದರೆ ತಿಂಗಳಿಗೆ ಸುಮಾರು 8,900 ರೂಪಾಯಿ. ಒಟ್ಟು ಬಡ್ಡಿ ಸುಮಾರು 1 ಲಕ್ಷ 34 ಸಾವಿರ. ಮೂರು ವರ್ಷದ ಕಂತಾದರೆ ತಿಂಗಳಿಗೆ ಸುಮಾರು 13,300 ರೂಪಾಯಿ. ಬಡ್ಡಿ 78 ಸಾವಿರ. ತಿಂಗಳಲ್ಲಿ 26 ದಿನ ದುಡಿದರೂ ಬಾಡಿಗೆಯ ಮೊದಲ 340 ರೂಪಾಯಿಯೋ 510 ರೂಪಾಯಿಯೋ ಪ್ರತಿದಿನ ಸಾಲ ಕೊಟ್ಟವನದು. ಎಣ್ಣೆ, ಟಯರು, ವಿಮೆ, ರಿಪೇರಿ ಕಳೆದು ಉಳಿದುದು ಮನೆಗೆ. ಇದೇ ಹನ್ನೆರಡನ್ನು ಕೆಲವರು 'ಫ್ಲಾಟ್' ದರ ಎಂದು ಹೇಳುತ್ತಾರೆ. ಹಾಗೆಂದರೆ ಕಂತು ಕಟ್ಟುತ್ತ ಬಂದರೂ ಪೂರ್ತಿ ನಾಲ್ಕು ಲಕ್ಷಕ್ಕೇ ಕೊನೆಯವರೆಗೆ ಬಡ್ಡಿ. ಐದು ವರ್ಷಕ್ಕೆ 2 ಲಕ್ಷ 40 ಸಾವಿರ. ಅಂಕೆ ಒಂದೇ, ಹೊರೆ ಹೆಚ್ಚುಕಡಿಮೆ ಇಮ್ಮಡಿ. ಈ ಒಂದು ಮಾತನ್ನು ಕೇಳದೆ ಸಹಿ ಹಾಕಿದವನು ಮುಂದೆ ಎಷ್ಟು ದುಡಿದರೂ ಏದುಸಿರು ಬಿಡುವುದು ತಪ್ಪದು. 2015 ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸರಕುಗಾಡಿಗೂ ಅಡವಿಲ್ಲದೆ ಸಾಲ ದೊರೆಯುವುದರಿಂದ ಮೊದಲು ಬ್ಯಾಂಕಿನ ಬಾಗಿಲನ್ನು ತಟ್ಟುವುದು ಮೇಲು.

ಕಂತಿನ ಭಯಕ್ಕೆ ಹಲವರು ಕಂಡುಕೊಳ್ಳುವ ಉಪಾಯವೆಂದರೆ ಹೊರೆ ಹೆಚ್ಚಿಸುವುದು. ಮುಕ್ಕಾಲು ಟನ್ನಿನ ಗಾಡಿಗೆ ಒಂದೂವರೆ ಟನ್ನು ಹೇರಿ ಎರಡು ಬಾರಿಯ ಬಾಡಿಗೆಯನ್ನು ಒಂದೇ ಬಾರಿಗೆ ಗಳಿಸುವೆವೆಂಬ ಎಣಿಕೆ. ಆನೆಯೆಂದು ಹೆಸರಿಟ್ಟ ಮಾತ್ರಕ್ಕೆ ಅದು ಆನೆಯಲ್ಲ. ಪಟ್ಟಿ ಮುರಿಯುತ್ತದೆ, ಬ್ರೇಕು ಹಿಡಿಯುವುದಿಲ್ಲ. 2019 ರ ತಿದ್ದುಪಡಿಯ ಪ್ರಕಾರ ಅತಿಹೊರೆಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಒಂದು ದಿನದ ದುರಾಸೆ ಒಂದೂವರೆ ಎರಡು ತಿಂಗಳ ಕಂತನ್ನು ನುಂಗಿಬಿಡುತ್ತದೆ.

ವಂಶಾವಳಿ ಇನ್ನೂ ಮುಗಿದಿಲ್ಲ. 2020 ರ ಏಪ್ರಿಲಿನಿಂದ ಹೊಗೆಯ ನಿಯಮಗಳು ಬಿಗಿಯಾದುವು. ಡೀಸೆಲ್ ಯಂತ್ರದ ಬೆಲೆ ಏರಿತು. ಅರ್ಧ ಇಂಡಿಕಾದ ಯಂತ್ರದಿಂದ ಹೊರಟ ಗಾಡಿ ಪೆಟ್ರೋಲಿಗೂ ಸಿ.ಎನ್.ಜಿ. ಗೂ ಒಲಿಯಿತು. 2022 ರಲ್ಲಿ ವಿದ್ಯುತ್ತಿನಿಂದ ಓಡುವ ಏಸ್ ಪ್ರಕಟವಾಯಿತು. 2025 ರ ಜೂನಿನಲ್ಲಿ ಬಂದ ಏಸ್ ಪ್ರೊ ಎಂಬ ಹೊಸ ಪೀಳಿಗೆ ಪೆಟ್ರೋಲು, ಎರಡು ಇಂಧನ, ವಿದ್ಯುತ್ತು ಎಂಬ ಮೂರು ರೂಪಗಳಲ್ಲಿ ದೊರೆಯಿತು. ಆರಂಭದ ಬೆಲೆ 3 ಲಕ್ಷ 99 ಸಾವಿರ, ಹೊರೆ ಮತ್ತೆ ಅದೇ 750 ಕಿಲೋ. ಅದೇ ವರ್ಷದ ಸೆಪ್ಟೆಂಬರ 22 ರಿಂದ ಸರಕುಗಾಡಿಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 28 ರಿಂದ 18 ಕ್ಕೆ ಇಳಿದುದರಿಂದ ಬೆಲೆ ಇನ್ನಷ್ಟು ಸಡಿಲಾಯಿತು. ಇಪ್ಪತ್ತು ವರ್ಷಗಳಲ್ಲಿ ಯಂತ್ರ ಬದಲಾಯಿತು, ಎಣ್ಣೆ ಬದಲಾಯಿತು; ಮುಕ್ಕಾಲು ಟನ್ನಿನ ಅಳತೆ ಬದಲಾಗಲಿಲ್ಲ. ಒಬ್ಬ ಮನುಷ್ಯ ತಾನೇ ಹೇರಿ, ತಾನೇ ಓಡಿಸಿ, ತಾನೇ ಇಳಿಸಬಹುದಾದ ಹೊರೆ ಸುಮಾರು ಅಷ್ಟೇ. ಅಮೆರಿಕದ ಗಾಡಿ ಒಡೆಯನ ಜೇಬಿನೊಡನೆ ಬೆಳೆಯಿತು. ನಮ್ಮದು ದುಡಿಯುವವನ ಮೈಯಳತೆಗೆ ಬಂದು ನಿಂತಿತು.

ನಮ್ಮ ಹೋಟೆಲಿನ ಬಂಧುಗಳಿಗೆ ಸರಕಿನ ಮರ್ಮ ಗೊತ್ತು: ಯಾವ ಹೊತ್ತಿಗೆ ಯಾವ ಪೇಟೆಯಲ್ಲಿ ಕಾಯಿ ಅಗ್ಗ, ಯಾವ ಭಟ್ಟರಿಗೆ ಎಷ್ಟು ಗಂಟೆಗೆ ತರಕಾರಿ ಬೇಕು ಎಂಬುದನ್ನು ಅವರು ಬಲ್ಲರು. ನಮ್ಮ ಗುಮಾಸ್ತ ಬಂಧುಗಳಿಗೆ ಲೆಕ್ಕದ ಮರ್ಮ ಗೊತ್ತು. ಇವರಿಬ್ಬರ ವಿದ್ಯೆಯೂ ಒಂದೇ ಗಾಡಿಯಲ್ಲಿ ಕೂಡಬೇಕು. ಗಾಡಿ ಹಾಕುವವನು ಮೊದಲು ಮೂರು ನಾಲ್ಕು ಹೋಟೆಲುಗಳ ದಿನಂಪ್ರತಿಯ ಬಾಡಿಗೆಯನ್ನು ಖಚಿತ ಮಾಡಿಕೊಳ್ಳಲಿ, ಆಮೇಲೆ ಸಾಲದ ಕಾಗದವನ್ನು ಲೆಕ್ಕ ಬಲ್ಲ ಗೆಳೆಯನಿಂದ ಓದಿಸಲಿ, ಪ್ರತಿದಿನ ರಾತ್ರಿ ಎಣ್ಣೆ ಎಷ್ಟು ಬಾಡಿಗೆ ಎಷ್ಟು ಎಂದು ಬರೆದಿಡಲಿ. ಹೊಸ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಬೇಕೆಂಬುದನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಲಿ.

ಕೊನೆಯ ಕಂತು ಕಟ್ಟಿದ ದಿನ ಸಿಹಿ ಹಂಚಿ ಸುಮ್ಮನಾಗುವವರೂ ಉಂಟು. ಗಾಡಿಯ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಉಳಿದೇ ಇರುತ್ತದೆ. ಮಾರುವ ಹೊತ್ತಿಗೆ ಅದೇ ಕಾಲಿಗೆ ತೊಡರುತ್ತದೆ. ಬ್ಯಾಂಕಿನಿಂದ ಬಾಕಿಯಿಲ್ಲದ ಪತ್ರವನ್ನೂ 35 ನೆಯ ನಮೂನೆಯನ್ನೂ ಪಡೆದು ಆರ್.ಟಿ.ಒ. ಕಚೇರಿಗೆ ಒಪ್ಪಿಸಿ ಆ ಹೆಸರನ್ನು ತೆಗೆಸಬೇಕು. ಆ ಹೆಸರು ಹೋಗಿ ತನ್ನ ಹೆಸರೊಂದೇ ಉಳಿದ ದಿನ ಪುಟ್ಟ ಆನೆ ನಿಜವಾಗಿ ಮಾವುತನದಾಗುತ್ತದೆ.